ಬೆಕ್ಕಿನ ಆರೋಗ್ಯವೂ ಮನೆಯ ಆರೋಗ್ಯವೇ



ಅರಸೀಕೆರೆ ಸೀಮೆಯಲ್ಲಿ ಕೊಬ್ಬರಿಗಾಗಿ ಅಟ್ಟಕ್ಕೆ ಏರಿಸಿದ ತೆಂಗಿನಕಾಯಿ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಬೇಲೂರು, ಹಳೇಬೀಡುಗಳ ಕಡೆ ಭತ್ತ, ರಾಗಿ, ಜೋಳದ ಚೀಲಗಳು ಮನೆಯೊಳಗೇ ಇರುತ್ತವೆ. ಇವನ್ನು ರಾತ್ರಿಯೆಲ್ಲ ಇಲಿಯಿಂದ ಕಾಯುವವರು ಯಾರು? ಸಂಬಳವಿಲ್ಲದ ಕಾವಲುಗಾರನಾದ ಬೆಕ್ಕು. ಹಸು ಮೇವು ಬಿಟ್ಟರೆ ನಾವು ಆ ದಿನವೇ ಪಶುವೈದ್ಯರ ಬಳಿಗೆ ಓಡುತ್ತೇವೆ. ಆದರೆ ಬೆಕ್ಕು ಮೂರು ದಿನ ಮೂಲೆ ಹಿಡಿದು ಮಲಗಿದರೂ, "ಬೆಕ್ಕಿಗೂ ಆಸ್ಪತ್ರೆಯೇ?" ಎಂದು ನಕ್ಕು ಸುಮ್ಮನಾಗುತ್ತೇವೆ. ಈ ಉದಾಸೀನದಿಂದ ಬೆಕ್ಕಿಗಷ್ಟೇ ಅಲ್ಲ, ಮನೆಯ ಮಕ್ಕಳಿಗೂ ಕೊಟ್ಟಿಗೆಯ ಕುರಿಗಳಿಗೂ ಅಪಾಯ ಉಂಟು ಎಂಬುದನ್ನು ನಾವು ಮನಗಾಣಬೇಕು.

ಬೆಕ್ಕಿಗೇ ಒಂದು ಕೇಂದ್ರ

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿನಲ್ಲಿ ಬೆಕ್ಕುಗಳ ಆರೋಗ್ಯಕ್ಕೆಂದೇ 1974ರಲ್ಲಿ ಒಂದು ಕೇಂದ್ರ ಆರಂಭವಾಯಿತು. ಬೆಕ್ಕಿನ ರೋಗಗಳ ಸಂಶೋಧನೆ ನಡೆಸುವುದು, ವೈದ್ಯರಿಗೂ ಬೆಕ್ಕು ಸಾಕುವವರಿಗೂ ತಿಳಿವಳಿಕೆ ಕೊಡುವುದು ಅದರ ಕೆಲಸ. ಇಷ್ಟು ಸಣ್ಣ ಪ್ರಾಣಿಗೆ ಬೇರೆ ಕೇಂದ್ರವೇಕೆ ಎಂದು ಕೇಳಬಹುದು. ಬೆಕ್ಕು ಎಂದರೆ ಚಿಕ್ಕ ನಾಯಿಯಲ್ಲ. ಅದರ ದೇಹದ ರೀತಿಯೇ ಬೇರೆ.

ಒಂದು ಉದಾಹರಣೆ ನೋಡಿ. ಮಾಂಸದಲ್ಲಿರುವ ಟಾರಿನ್ ಎಂಬ ಸತ್ವವನ್ನು ಬೆಕ್ಕು ತನ್ನ ದೇಹದಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಆಹಾರದಲ್ಲಿ ಸಿಗದಿದ್ದರೆ ಬೆಕ್ಕಿನ ಕಣ್ಣು ಕೆಡುತ್ತದೆ ಎಂಬುದು 1975ರಲ್ಲಿ ತಿಳಿಯಿತು. ಹೃದಯವೂ ದುರ್ಬಲವಾಗುತ್ತದೆ ಎಂಬುದು 1987ರಲ್ಲಿ ತಿಳಿಯಿತು. ಆದುದರಿಂದ ಹಾಲು ಅನ್ನ, ಮುದ್ದೆಯ ಚೂರು ಇಷ್ಟರಿಂದಲೇ ಬೆಕ್ಕು ಬಾಳಲಾರದು. ಇಲಿ ಹಿಡಿದು ತಿನ್ನುವ ಬೆಕ್ಕಿಗೆ ಈ ಕೊರತೆ ಬಾರದು. ಆದರೆ ಮನೆಯೊಳಗೇ ಇರುವ ಬೆಕ್ಕಿಗೆ ಮೀನು, ಮಾಂಸ ಅಥವಾ ಬೆಕ್ಕಿಗೆಂದೇ ತಯಾರಾದ ಆಹಾರ ಬೇಕು. ಬೆಳೆದ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳಿಗೆ ಹಾಲು ಜೀರ್ಣವಾಗದೆ ಭೇದಿಯಾಗುವುದೂ ಉಂಟು. ಕುಡಿಯಲು ಶುದ್ಧವಾದ ನೀರು ಯಾವಾಗಲೂ ಇರಲಿ.

ನಮ್ಮ ಔಷಧಿ ಅದಕ್ಕೆ ವಿಷ

ಜ್ವರ ಬಂದರೆ ನಾವು ನುಂಗುವ ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ಒಂದು ಮಾತ್ರೆಯೇ ಅದರ ಪ್ರಾಣ ತೆಗೆಯಬಲ್ಲದು. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ಹಸುವಿನ ಉಣುಗು ಹೋಗಲೆಂದು ಬಳಸುವ ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್ ಜಾತಿಯ ಔಷಧಿಗಳೂ ಹಾಗೆಯೇ. ಹಸುವಿಗೆ ಹಚ್ಚಿ ಉಳಿದದ್ದನ್ನು ಚಿಗಟ ಸಾಯಲೆಂದು ಬೆಕ್ಕಿಗೂ ಬಳಿದರೆ ಅದು ನಡುಗಿ, ಸೆಳೆತ ಬಂದು ಸಾಯಬಹುದು. ವೈದ್ಯರನ್ನು ಕೇಳದೆ ಬೆಕ್ಕಿಗೆ ಯಾವ ಔಷಧಿಯನ್ನೂ ಕೊಡಬೇಡಿ.

ಇಲಿಪಾಷಾಣದ ವಿಷಯದಲ್ಲೂ ಎಚ್ಚರಿಕೆ ಬೇಕು. ವಿಷ ತಿಂದು ತೂರಾಡುವ ಇಲಿ ಬೆಕ್ಕಿಗೆ ಸುಲಭವಾಗಿ ಸಿಕ್ಕುತ್ತದೆ. ಇಲಿಯ ಹೊಟ್ಟೆಯ ವಿಷ ಬೆಕ್ಕಿನ ಹೊಟ್ಟೆ ಸೇರುತ್ತದೆ. ಬೆಕ್ಕು ಸತ್ತರೆ ಮುಂದಿನ ಸುಗ್ಗಿಯಲ್ಲಿ ಇಲಿಗಳಿಗೇ ರಾಜ್ಯ. ಮನೆಯಲ್ಲಿ ಬೆಕ್ಕಿದ್ದರೆ ವಿಷದ ಬದಲು ಇಲಿಬೋನು ಇಡುವುದು ಮೇಲು. ವಿಷ ಇಡಲೇಬೇಕಾದರೆ ಬೆಕ್ಕನ್ನು ಒಳಗೆ ಕೂಡಿಹಾಕಿ, ಸತ್ತ ಇಲಿಗಳನ್ನು ದಿನವೂ ಆಯ್ದು ಆಳವಾಗಿ ಹೂಳತಕ್ಕದ್ದು. ಬ್ರೊಮಾಡಿಯೋಲೋನ್ ಎಂಬ ಇಲಿವಿಷ ಬೆಕ್ಕಿನ ಹೊಟ್ಟೆಗೆ ಹೋದರೆ ರಕ್ತ ಹೆಪ್ಪುಗಟ್ಟದೆ ಒಳಗೊಳಗೇ ಸೋರುತ್ತದೆ. ಬೇಗ ವೈದ್ಯರಲ್ಲಿಗೆ ಒಯ್ದರೆ ಇದಕ್ಕೆ ಪ್ರತ್ಯೌಷಧವಿದೆ.

ಮರಿಗಳ ಮಾರಿ

ಒಂದೇ ವಾರದಲ್ಲಿ ಮನೆಯ ಬೆಕ್ಕಿನ ಮರಿಗಳೆಲ್ಲ ಸಾಲಾಗಿ ಸತ್ತದ್ದನ್ನು ಅನೇಕರು ಕಂಡಿರಬಹುದು. ದೃಷ್ಟಿ ತಾಗಿತು ಎನ್ನುತ್ತೇವೆ. ಬಹುಮಟ್ಟಿಗೆ ಇದು ಪ್ಯಾನ್‌ಲ್ಯೂಕೊಪೇನಿಯಾ ಎಂಬ ಅಂಟುರೋಗವಾಗಿರುತ್ತದೆ. ಮರಿ ಮಂಕಾಗುತ್ತದೆ, ವಾಂತಿ ಮಾಡುತ್ತದೆ, ಭೇದಿಯಾಗುತ್ತದೆ. ನೀರಿನ ಬಟ್ಟಲಿನ ಮುಂದೆ ತಲೆ ಬಗ್ಗಿಸಿ ಕೂರುತ್ತದೆ, ಆದರೆ ಕುಡಿಯಲಾರದು. ಈ ರೋಗ ಮನುಷ್ಯರಿಗೆ ತಗಲದು. ಆದರೆ ಇದರ ವಿಷಾಣು ಮನೆಯ ಮೂಲೆಗಳಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಆದುದರಿಂದ ಸತ್ತ ಮರಿ ಮಲಗಿದ್ದ ಗೋಣಿಯನ್ನು ಸುಟ್ಟುಹಾಕಿ. ಹೊಸ ಮರಿ ತರುವ ಮುಂಚೆ ಅದಕ್ಕೆ ಲಸಿಕೆ ಹಾಕಿಸಿ. ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಈ ಲಸಿಕೆಯನ್ನು ಆರಂಭಿಸುತ್ತಾರೆ.

ಕುರಿ ಸಾಕುವವರ ಗಮನಕ್ಕೆ

ಎಳೆಯ ಬೆಕ್ಕುಗಳ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇರಬಹುದು. ಮೇವಿನ ಮೇಲೆ ಬೆಕ್ಕು ಮಲ ಮಾಡಿ, ಗಬ್ಬದ ಕುರಿ ಮೇಕೆಗಳು ಆ ಮೇವನ್ನು ತಿಂದರೆ ಗರ್ಭ ಕಳಚಬಹುದು. ಮೇವನ್ನೂ ಹಿಂಡಿಯನ್ನೂ ಮುಚ್ಚಿಡಿ. ಗರ್ಭಿಣಿಯರು ಬೆಕ್ಕಿನ ಮಲ ತೆಗೆಯಬಾರದು. ಕೈತೋಟದ ಮಣ್ಣು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಇದಕ್ಕಾಗಿ ಬೆಕ್ಕನ್ನು ಮನೆಯಿಂದ ಓಡಿಸಬೇಕಾಗಿಲ್ಲ, ಶುಚಿಯಾಗಿದ್ದರೆ ಸಾಕು.

ಎಲ್ಲಕ್ಕಿಂತ ದೊಡ್ಡ ಅಪಾಯ

ಹುಚ್ಚುರೋಗ, ಅಂದರೆ ರೇಬೀಸ್, ನಾಯಿಗೆ ಮಾತ್ರ ಬರುತ್ತದೆಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಹುಚ್ಚುನಾಯಿ ಕಚ್ಚಿದರೆ ಬೆಕ್ಕಿಗೂ ರೋಗ ಬರುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ಬರುತ್ತದೆ. ಸಾಧುವಾಗಿದ್ದ ಬೆಕ್ಕು ಕತ್ತಲೆಯಲ್ಲಿ ಅಡಗುವುದು, ಕಾರಣವಿಲ್ಲದೆ ಮೈಮೇಲೆ ಹಾರುವುದು, ಜೊಲ್ಲು ಸುರಿಸುವುದು, ಕೂಗು ಬದಲಾಗುವುದು, ಇವು ಅದರ ಲಕ್ಷಣಗಳು. ಅಂಥ ಬೆಕ್ಕನ್ನು ಮುಟ್ಟಬೇಡಿ. ಪಶುವೈದ್ಯರಿಗೆ ಕೂಡಲೇ ತಿಳಿಸಿ.

ಮನೆಯಲ್ಲಿ ಬೆಕ್ಕನ್ನು ಹೆಚ್ಚಾಗಿ ಎತ್ತಿ ಆಡಿಸುವವರು ಮಕ್ಕಳು. ಬೈದಾರೆಂಬ ಭಯದಿಂದ ಮಗು ಗಾಯವನ್ನು ಮುಚ್ಚಿಡಬಹುದು. ಆದುದರಿಂದ ಬೈಯದೆ ಕೇಳಿ ತಿಳಿದುಕೊಳ್ಳಿ. ಬೆಕ್ಕು ಕಚ್ಚಿದರೂ, ಪರಚಿ ರಕ್ತ ಬಂದರೂ ಮಾಡಬೇಕಾದದ್ದು ಇಷ್ಟು:

1. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ.

2. ಸುಣ್ಣ, ಅರಿಶಿನ, ಕಾಫಿಪುಡಿ, ಮೆಣಸಿನಪುಡಿ, ಏನನ್ನೂ ಹಚ್ಚಬೇಡಿ.

3. ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಕಂತುಗಳಲ್ಲಿ ಒಂದನ್ನೂ ತಪ್ಪಿಸಬೇಡಿ.

4. ಬೆಕ್ಕನ್ನು ಹತ್ತು ದಿನ ಕಣ್ಣಿಟ್ಟು ನೋಡಿ. ಆದರೆ ಅದಕ್ಕಾಗಿ ಕಾಯುತ್ತ ಚುಚ್ಚುಮದ್ದನ್ನು ಮುಂದೂಡಬೇಡಿ.

ಪಾಶ್ಚರ್ ಮಹಾಶಯರು ಹುಚ್ಚುನಾಯಿ ಕಚ್ಚಿದ ಒಬ್ಬ ಬಾಲಕನಿಗೆ 1885ರಲ್ಲಿ ಲಸಿಕೆ ಕೊಟ್ಟು ಉಳಿಸಿದರು. ಅಂದಿನಿಂದ ಈ ರೋಗವನ್ನು ತಡೆಯುವ ದಾರಿ ನಮಗೆ ತಿಳಿದಿದೆ. ಆದರೆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಂದಿಗೂ ಅತಿ ವಿರಳ. ಕರ್ನಾಟಕ ಸರ್ಕಾರವು 2022ರಲ್ಲಿ ಮನುಷ್ಯರಿಗೆ ಬರುವ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ರೇಬೀಸನ್ನು ಪರೀಕ್ಷಿಸುವ, ಅಂತರರಾಷ್ಟ್ರೀಯ ಮನ್ನಣೆ ಪಡೆದ ಪ್ರಯೋಗಾಲಯವಿದೆ.

ಎಲ್ಲಿಗೆ ಒಯ್ಯಬೇಕು?

ದೂರ ದೇಶದ ಕೇಂದ್ರ ನಮಗೆ ಎಟುಕದಿರಬಹುದು. ಅದು ಕಲಿಸಿದ ಪಾಠ ಎಟುಕುತ್ತದೆ. ಹಸುವನ್ನು ನೋಡುವ ನಮ್ಮ ಪಶುವೈದ್ಯರೇ ಬೆಕ್ಕನ್ನೂ ನೋಡುತ್ತಾರೆ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಬೆಕ್ಕನ್ನು ತೋಳಿನಲ್ಲಿ ಹಿಡಿದು ಬಸ್ಸು ಹತ್ತಬೇಡಿ. ಗಾಳಿಯಾಡುವ ಬಿದಿರು ಬುಟ್ಟಿಯಲ್ಲಿ ಹಳೆಯ ಬಟ್ಟೆ ಹಾಸಿ, ಬೆಕ್ಕನ್ನು ಕೂರಿಸಿ, ಬಾಯಿಗೆ ಬಟ್ಟೆ ಕಟ್ಟಿ ಒಯ್ಯಿರಿ.

ಮೂರು ತಿಂಗಳು ತುಂಬಿದ ಮರಿಗೆ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸುತ್ತಿರಬೇಕು. ಹೊಟ್ಟೆಯ ಹುಳುವಿಗೂ ಔಷಧಿ ಕೊಡಿಸಿ. ಬೆಕ್ಕು ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಮರಿಗಳನ್ನು ಗೋಣಿಯಲ್ಲಿ ಕಟ್ಟಿ ಪಕ್ಕದೂರಿನ ಸಂತೆಯಲ್ಲಿ ಬಿಟ್ಟುಬರುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಲೇಸು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದು, ಲೋಕಕ್ಕೆ ಕಾಣದೆಂದು ತಿಳಿಯುತ್ತದಂತೆ. ಬೆಕ್ಕಿನ ವಿಷಯದಲ್ಲಿ ನಾವೂ ಹಾಗೆ ಕಣ್ಣು ಮುಚ್ಚಿ ಕೂರುವುದು ಬೇಡ. ಮುಂದಿನ ಸಲ ಹಸುವನ್ನು ಆಸ್ಪತ್ರೆಗೆ ಹೊಡೆದುಕೊಂಡು ಹೋಗುವಾಗ ಬೆಕ್ಕಿನ ಬುಟ್ಟಿಯೂ ಜೊತೆಗಿರಲಿ.