ಕೈ ಹೆಚ್ಚಿದರೆ ಕೆಲಸ ಬೇಗ ಮುಗಿಯುವುದೆ?

ಬಾಗಲಕೋಟೆ ಜಿಲ್ಲೆಯ ಬೇವೂರಿನಲ್ಲಿ ಬೆಳೆಯ ಲೆಕ್ಕವನ್ನು ಕೂಡಿಸಬೇಕಾಗಿದೆಯೆಂದು ಭಾವಿಸೋಣ. ಒಬ್ಬನೇ ಕುಳಿತರೆ 900 ನಿಮಿಷ ಬೇಕು. 10 ಮಂದಿ ಹಂಚಿಕೊಂಡರೆ ಒಬ್ಬೊಬ್ಬನಿಗೆ 90 ನಿಮಿಷದ ಕೆಲಸ. ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ಪ್ರತಿಯೊಬ್ಬನೂ ತನ್ನ ಮೊತ್ತವನ್ನು ಸರದಿಯಂತೆ ಹಿರಿಯ ಲೆಕ್ಕಿಗನಿಗೆ ಒಪ್ಪಿಸಬೇಕು. ತಲೆಗೆ ಒಂದು ನಿಮಿಷವೆಂದರೂ 10 ನಿಮಿಷ; ಒಟ್ಟು 100. 30 ಮಂದಿಯಾದರೆ ಕೂಡುವುದಕ್ಕೆ 30, ಒಪ್ಪಿಸುವುದಕ್ಕೆ 30, ಒಟ್ಟು 60. 90 ಮಂದಿಯಾದರೋ? ಕೂಡುವುದಕ್ಕೆ 10, ಒಪ್ಪಿಸುವುದಕ್ಕೆ 90. ಮತ್ತೆ 100 ನಿಮಿಷವೇ! ಹೆಚ್ಚಿದ ಕೈಗಳು ಉಳಿಸಿದ ಹೊತ್ತನ್ನು ಹೆಚ್ಚಿದ ಮಾತು ನುಂಗಿಬಿಟ್ಟಿತು.

ಹಲವು ಗಣಕಗಳು ಕೂಡಿ ದುಡಿಯುವಾಗಲೂ ಇದೇ ತೊಡಕು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1986ರಲ್ಲಿ 'ಫ್ಲೋಸಾಲ್ವರ್' ಎಂಬ ಸಮಾಂತರ ಗಣಕವನ್ನು ನಿರ್ಮಿಸಿದರು. ಗಾಳಿ, ನೀರುಗಳ ಹರಿವನ್ನು ಗಣಿಸುವುದು ಅದರ ಮೊದಲ ಉದ್ದೇಶ; ಅದರ ಮುಂದಿನ ತಲೆಮಾರಿನ ಯಂತ್ರಗಳು ಮುಂಗಾರಿನ ಮುನ್ಸೂಚನೆಗೂ ದುಡಿದವು. ಇಂತಹ ಗಣನೆಯಲ್ಲಿ ಭೂಪಟವನ್ನು ತುಂಡುಗಳಾಗಿ ಹಂಚಿಕೊಂಡರೂ ಒಂದು ತುಂಡಿನ ಗಾಳಿ ಪಕ್ಕದ ತುಂಡಿಗೆ ಬೀಸದಿರದು. ಆದುದರಿಂದ ಗಣಕಗಳು ಹೆಜ್ಜೆಹೆಜ್ಜೆಗೂ ಪರಸ್ಪರ ಸಂದೇಶ ಕಳುಹಿಸಬೇಕಾಗುತ್ತದೆ.

ಸಂದೇಶಕ್ಕೆ ತಗಲುವ ಕಾಲದಲ್ಲಿ ಎರಡು ಭಾಗಗಳಿವೆ: ಎಷ್ಟೇ ಚಿಕ್ಕದಾದರೂ ತಪ್ಪದ ಹೊರಡುವ ಸಿದ್ಧತೆಯ ಕಾಲ ಒಂದು; ಉದ್ದಕ್ಕೆ ತಕ್ಕಂತೆ ಬೆಳೆಯುವ ಸಾಗಣೆಯ ಕಾಲ ಇನ್ನೊಂದು. ಆದಕಾರಣ ನೂರು ಚೂರು ಸಂದೇಶಗಳಿಗಿಂತ ಅವೆಲ್ಲವನ್ನೂ ಸೇರಿಸಿದ ಒಂದೇ ಕಟ್ಟು ಅಗ್ಗ. ಈ ಎರಡು ಕಾಲಗಳನ್ನೂ ಗಣನೆಯ ಕಾಲವನ್ನೂ ಕೆಲವೇ ಗಣಕಗಳಲ್ಲಿ ಅಳೆದುಕೊಂಡರೆ, ಸಾವಿರ ಗಣಕಗಳಲ್ಲಿ ಕೆಲಸ ಎಷ್ಟು ಹೊತ್ತು ಹಿಡಿದೀತೆಂಬುದನ್ನು ಸುಮಾರಾಗಿ ಮುಂಚೆಯೇ ಹೇಳಬಹುದು. ಕೆಲಸದ ಹಂಚಿಕೆ ಸಮನಾಗಿಲ್ಲದಿದ್ದರೆ ಎಲ್ಲರೂ ಅತಿ ಹೊರೆ ಹೊತ್ತವನಿಗಾಗಿ ಕಾಯಬೇಕೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲೆಕ್ಕವು ದೋಷವನ್ನು ತೋರಿಸುವುದಲ್ಲದೆ ಪರಿಹಾರವನ್ನೂ ಸೂಚಿಸುತ್ತದೆ. ನಮ್ಮ 90 ಮಂದಿ ಸಾಲುಗಟ್ಟಿ ನಿಲ್ಲದೆ ಜೋಡಿಜೋಡಿಯಾಗಿ ಮೊತ್ತಗಳನ್ನು ಕೂಡಿಸಿಕೊಳ್ಳಲಿ. 90 ಮೊತ್ತಗಳು 45 ಆಗುತ್ತವೆ. ಬಳಿಕ 23, 12, 6, 3, 2, ಕೊನೆಗೆ 1. ಏಳೇ ಸುತ್ತು! ಸುತ್ತಿಗೆ ಒಂದು ನಿಮಿಷವಾದರೆ 100 ನಿಮಿಷದ ಕೆಲಸ 17ಕ್ಕೆ ಇಳಿಯಿತು. ಫ್ಲೋಸಾಲ್ವರಿನ ನಿರ್ಮಾಪಕರು ಮುಂದೆ ರೂಪಿಸಿದ 'ಫ್ಲೋಸ್ವಿಚ್' ಎಂಬ ಸಾಧನವು ಸಂದೇಶಗಳನ್ನು ಸಾಗಿಸುತ್ತಲೇ ಅವುಗಳ ಮೇಲೆ ಗಣನೆಯನ್ನೂ ನಡೆಸುತ್ತಿತ್ತು.

ನಾಳಿನ ಮಳೆಯನ್ನು ನಾಡಿದ್ದು ತಿಳಿಸುವ ಗಣಕದಿಂದ ಬಿತ್ತನೆಗೆ ಕಾದಿರುವ ಒಣಬೇಸಾಯದ ರೈತನಿಗೆ ಏನು ಪ್ರಯೋಜನ? ಯಂತ್ರಗಳನ್ನು ಕೊಳ್ಳುವ ಮೊದಲು ಅವುಗಳ ಮಾತಿನ ವೆಚ್ಚವನ್ನು ಎಣಿಸಬೇಕೆನ್ನುವುದು ಇದಕ್ಕಾಗಿಯೇ.