ವಿದೇಶಿ ವಿದ್ಯಾರ್ಥಿಯ ತಟ್ಟೆಯಲ್ಲಿ ರಾಗಿ ಮುದ್ದೆ

ಬೆಂಗಳೂರು: ಪೂರ್ವ ಆಫ್ರಿಕಾದಿಂದ ವ್ಯಾಸಂಗಕ್ಕಾಗಿ ನಗರಕ್ಕೆ ಬರುವ ವಿದ್ಯಾರ್ಥಿಗೆ ಇಡ್ಲಿ-ಸಾಂಬಾರು ಹೊಸದಿರಬಹುದು, ರಾಗಿ ಮುದ್ದೆ ಅಷ್ಟೇನೂ ಅಪರಿಚಿತವಲ್ಲ. ಟಾಂಜಾನಿಯಾ, ಕೆನ್ಯಾಗಳಲ್ಲಿ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಗಟ್ಟಿಯಾಗಿ ಬೇಯಿಸಿ, ಕೈಯಿಂದ ಮುರಿದು, ಪಲ್ಯ ಅಥವಾ ಸಾರಿನೊಡನೆ ತಿನ್ನುವ 'ಉಗಾಲಿ' ನಮ್ಮ ಮುದ್ದೆಯ ಹತ್ತಿರದ ಸಂಬಂಧಿ. ಅಲ್ಲಿ ಈಗ ಮೆಕ್ಕೆಜೋಳದ ಹಿಟ್ಟಿನ ಬಳಕೆಯೇ ಹೆಚ್ಚು; ರಾಗಿಯದೂ ಉಂಟು.

ಈ ಹೋಲಿಕೆಗೆ ಹಿನ್ನೆಲೆಯಿದೆ. ರಾಗಿಯ ಮೂಲ ನೆಲೆ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶವೆಂದೂ, ಸಾವಿರಾರು ವರ್ಷಗಳ ಹಿಂದೆ ಅದು ಭಾರತಕ್ಕೆ ಬಂದಿತೆಂದೂ ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಖ್ಯಾತರಾದ ತಳಿವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ಅವರು ನಾಡಿನ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಗೊಳಿಸಿ ರೂಪಿಸಿದ ತಳಿಗಳಿಗೆ 'ಇಂಡಾಫ್' ಎಂಬ ಹೆಸರಾಯಿತು. ಇಂಡಿಯಾ ಮತ್ತು ಆಫ್ರಿಕಾ ಆ ಹೆಸರಿನಲ್ಲೇ ಕೂಡಿವೆ.

ಹೆಬ್ಬಾಳ-ಯಲಹಂಕ ನಡುವಿನ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1964ರಲ್ಲಿ. ಅದರ ಆರಂಭದ ವರ್ಷಗಳಲ್ಲಿ ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾನಿಲಯ ನೆರವಾಗಿತ್ತು. ಅಂದು ಕಲಿಯಲು ಹೊರಗಿನವರ ಸಹಾಯ ಪಡೆದ ಸಂಸ್ಥೆಗೆ ಇಂದು ಏಷ್ಯಾ, ಆಫ್ರಿಕಾಗಳ ವಿದ್ಯಾರ್ಥಿಗಳು ಕಲಿಯಲು ಬರುತ್ತಾರೆ. ಇಂಥವರಿಗೆ 1950ರಲ್ಲಿ ಸ್ಥಾಪನೆಯಾದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು (ಐಸಿಸಿಆರ್) ವಿದ್ಯಾರ್ಥಿವೇತನ ನೀಡುತ್ತದೆ.

ಆದರೆ ಸಂಸ್ಕೃತಿಯ ಪರಿಚಯ ಕಾಲೇಜು ದಿನಾಚರಣೆಯ ವೇದಿಕೆಯಲ್ಲಿ ಆಗುವುದು ಅಲ್ಪ. ಅದು ನಿಜವಾಗಿ ನಡೆಯುವುದು ಬಾಡಿಗೆ ಮನೆಯ ಓಣಿಯಲ್ಲಿ, ದಿನಸಿ ಅಂಗಡಿಯಲ್ಲಿ, ಬಿಎಂಟಿಸಿ ಬಸ್ಸಿನಲ್ಲಿ. 2016ರ ಜನವರಿ 31ರಂದು ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ಪ್ರಜೆಯೊಬ್ಬ ಚಲಾಯಿಸುತ್ತಿದ್ದ ಕಾರು ಹರಿದು ಸ್ಥಳೀಯ ಮಹಿಳೆ ಮೃತಪಟ್ಟರು. ಬಳಿಕ ಅಲ್ಲಿಗೆ ಬಂದ, ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿ ಮತ್ತು ಆಕೆಯ ಸ್ನೇಹಿತರ ಮೇಲೆ ಗುಂಪು ಹಲ್ಲೆ ನಡೆಸಿ, ಕಾರಿಗೆ ಬೆಂಕಿ ಹಚ್ಚಿತು. ಚರ್ಮದ ಬಣ್ಣವೊಂದೇ ಗುಂಪಿಗೆ ಸಾಕ್ಷ್ಯವಾಗಿತ್ತು. ಬಂಧನ, ಅಮಾನತುಗಳು ನಡೆದವು. ವಿಷಯ ವಿದೇಶಾಂಗ ಸಚಿವಾಲಯದವರೆಗೆ ಹೋಯಿತು.

180 ದಿನಕ್ಕೂ ಹೆಚ್ಚಿನ ವೀಸಾ ಪಡೆದ ವಿದ್ಯಾರ್ಥಿ ಬಂದ 14 ದಿನಗಳೊಳಗೆ ನೋಂದಣಿ ಮಾಡಿಸಬೇಕು. ಮನೆ ನೀಡುವ ಮಾಲೀಕರೂ ಅಧಿಕಾರಿಗಳಿಗೆ ಮಾಹಿತಿ ಕೊಡಬೇಕು. ನೆರೆಹೊರೆಯವರ ಪರಿಚಯ ಮಾಡಿಸುವ ನಿಯಮ ಮಾತ್ರ ಯಾವ ಕಡತದಲ್ಲೂ ಇಲ್ಲ. ಆ ಕೆಲಸವನ್ನು ಜಿಕೆವಿಕೆಯಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುವ ಕೃಷಿ ಮೇಳ ತಕ್ಕಮಟ್ಟಿಗೆ ಮಾಡುತ್ತದೆ. ಅಲ್ಲಿ ರೈತರು, ನಗರವಾಸಿಗಳು, ವಿದ್ಯಾರ್ಥಿಗಳು ಒಂದೇ ಸಾಲಿನಲ್ಲಿ ನಿಂತು ಮುದ್ದೆ ಊಟಕ್ಕೆ ಕಾಯುತ್ತಾರೆ.