ರೊಟ್ಟಿಯ ಮನೆ, ಮುದ್ದೆಯ ಮನೆ: ವಾಕಡದ ಭಾನುವಾರದೂಟ

ಬೆಂಗಳೂರಿನಿಂದ ರಾತ್ರಿ ಹೊರಟು ಮುಂಬಯಿ ಕಡೆ ಹೋಗುವ ಬಸ್ಸುಗಳಲ್ಲಿ ಹಲವು ಪುಣೆ ನಗರದೊಳಕ್ಕೆ ನುಗ್ಗದೆ ಬೈಪಾಸಿನಲ್ಲೇ ಸಾಗಿ, ವಾಕಡದಲ್ಲಿ ಒಂದು ಗಳಿಗೆ ನಿಲ್ಲುತ್ತವೆ. ಊರಿಗೆ ಹೋಗಿ ಮರಳಿದವರ ಲ್ಯಾಪ್‌ಟಾಪ್ ಚೀಲದ ಜೊತೆಗೆ ಇನ್ನೊಂದು ಭಾರದ ಚೀಲವೂ ಕೆಳಗಿಳಿಯುತ್ತದೆ. ಮಂಡ್ಯ, ಹಾಸನ, ತುಮಕೂರು ಕಡೆಯವರಾದರೆ ಅದರಲ್ಲಿ ರಾಗಿಹಿಟ್ಟು, ಮನೆಯಲ್ಲಿ ಹುರಿದು ಕುಟ್ಟಿದ ಸಾರಿನ ಪುಡಿ, ಮರಾಠಿ ಮೊಗ್ಗು. ಚಳಿಗಾಲವಾದರೆ ಸೊಗಡಿನ ಅವರೆಕಾಯಿ. ಧಾರವಾಡ, ಬಾಗಲಕೋಟೆ, ವಿಜಯಪುರ ಕಡೆಯವರದಾದರೆ ಕಟ್ಟುಕಟ್ಟಾಗಿ ಜೋಡಿಸಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ವಾರವಿಡೀ ಡಬ್ಬಿ ಊಟ, ಕ್ಯಾಂಟೀನ್ ಊಟದಲ್ಲಿ ದಿನ ದೂಡುವ ಈ ಮನೆಗಳಲ್ಲಿ ಆ ಚೀಲ ಪೂರ್ತಿಯಾಗಿ ಬಿಚ್ಚಿಕೊಳ್ಳುವುದು ಭಾನುವಾರ.

ವಾಕಡ ಪುಣೆಗೆ ಅಂಟಿಕೊಂಡಿದ್ದರೂ ಆಡಳಿತಕ್ಕೆ ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಗೆ ಸೇರಿದ್ದು. ಮ್ಹಾತೋಬಾ ಇಲ್ಲಿನ ಗ್ರಾಮದೈವ. ಪಕ್ಕದ ಹಿಂಜವಡಿಯಲ್ಲಿ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಬೆಳೆದಂತೆ ಇಲ್ಲಿನ ಹೊಲಗಳು ಬಹುಮಹಡಿ ಕಟ್ಟಡಗಳಾದವು. ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಕನ್ನಡಿಗರ ಜೊತೆಗೆ, ಆ ಕಟ್ಟಡಗಳನ್ನು ಕಟ್ಟಲು ಕಲಬುರಗಿ, ಯಾದಗಿರಿ, ವಿಜಯಪುರ ಸೀಮೆಯಿಂದ ಗುಳೆ ಬಂದ ಕುಟುಂಬಗಳೂ ಈ ಭಾಗದಲ್ಲಿವೆ. ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದಿಂದ ಬಂದವರಂತೂ ಮಹಾರಾಷ್ಟ್ರದವರೇ, ಮನೆಮಾತು ಮಾತ್ರ ಕನ್ನಡ. ಹನ್ನೆರಡನೆಯ ಮಹಡಿಯ ಗ್ಯಾಸ್ ಒಲೆಯ ಮೇಲೂ, ಕೆಳಗಿನ ತಗಡಿನ ಶೆಡ್ಡಿನ ಮೂರು ಕಲ್ಲಿನ ಒಲೆಯ ಮೇಲೂ ಬೇಯುವುದು ಅದೇ ಜೋಳದ ರೊಟ್ಟಿ. ಭಾನುವಾರದೂಟದ ಮಾತು ಬಂದಾಗ ಬರಿಯ ಫ್ಲ್ಯಾಟಿನ ಅಡುಗೆಮನೆಯನ್ನಷ್ಟೇ ನೆನೆಯುವುದು ತಪ್ಪಾದೀತು.

ಪುಣೆಕರರಿಗೆ ಕನ್ನಡನಾಡಿನ ಅಡುಗೆ ಹೊಸದಲ್ಲ. ಹದಿಹರೆಯದಲ್ಲೇ ಪುಣೆಗೆ ಬಂದ ತುಳುನಾಡಿನ ಓಣಿಮಜಲು ಜಗನ್ನಾಥ ಶೆಟ್ಟಿಯವರು ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ರೂಪಾಲಿ, ವೈಶಾಲಿಗಳನ್ನು ಕಟ್ಟಿ ಬೆಳೆಸಿದರು. 2023ರಲ್ಲಿ ಅವರು ತೀರಿಕೊಂಡಾಗ ತಲೆಮಾರುಗಳ ವಿದ್ಯಾರ್ಥಿಗಳು ಅಲ್ಲಿನ ದೋಸೆ-ಕಾಫಿಯನ್ನು ನೆನೆದರು. ವಾಕಡಕ್ಕೆ ಹತ್ತಿರದ ಬಾಣೇರದಲ್ಲಿ ಬಂಟರ ಸಂಘದ ಸಾಂಸ್ಕೃತಿಕ ಕೇಂದ್ರಕ್ಕೆ ಅವರ ಹೆಸರೇ ಇದೆ. ಆದರೆ ಉಡುಪಿ ಹೋಟೆಲುಗಳು ಊರೂರಿಗೆ ಹಂಚಿದ್ದು ತಿಂಡಿಯನ್ನು. ಇಡ್ಲಿ, ದೋಸೆ, ಉಪ್ಪಿಟ್ಟು ನಗರದ್ದೇ ಆಗಿಹೋದವು. ಬಸ್ಸಾರು, ಪುಂಡಿಪಲ್ಯ, ಹಿತಕಿದವರೆ ಸಾರು ಮನೆಯ ಹೊಸಿಲು ದಾಟಿದ್ದು ಕಡಿಮೆ. ಅವುಗಳ ರುಚಿ ನೋಡಬೇಕಾದರೆ ಈಗಲೂ ಯಾರಾದರೂ ಊಟಕ್ಕೆ ಕರೆಯಬೇಕು.

ಉತ್ತರ ಕರ್ನಾಟಕದವರ ಮನೆಯ ಭಾನುವಾರ ಗಿರಣಿಯಿಂದ ಶುರುವಾಗುತ್ತದೆ. ಜೋಳದ ಹಿಟ್ಟು ಹಳತಾದರೆ ಜಿಗಿ ಕಳೆದುಕೊಳ್ಳುತ್ತದೆ. ಪ್ಯಾಕೆಟ್ ಹಿಟ್ಟಿನಲ್ಲಿ ರೊಟ್ಟಿ ಬಡಿಯಹೋದವರಿಗೆ ಅದರ ಕಷ್ಟ ಗೊತ್ತು. ಆದ್ದರಿಂದ ಬಲ್ಲವರು ಜೋಳವನ್ನೇ ಕೊಂಡು, ವಾರಕ್ಕೆ ಬೇಕಾದಷ್ಟನ್ನು ಬೀಸಿಸಿಕೊಂಡು ಬರುತ್ತಾರೆ. ಈ ವಿಷಯದಲ್ಲಿ ಪುಣೆಯಷ್ಟು ಅನುಕೂಲದ ಪರಊರು ಇನ್ನೊಂದಿಲ್ಲ. ಇಲ್ಲಿ ಭಾಕರಿ ತಿನ್ನುವ ಜನ ಇರುವುದರಿಂದ ಗಿರಣಿಯವರಿಗೆ ಜೋಳ ಬೀಸುವುದು ನಿತ್ಯದ ಕೆಲಸ. ಸಿಗುವ ಜೋಳವೂ ಊರಿನದೇ ಬಳಗ. ವಿಜಯಪುರ, ಬಾಗಲಕೋಟೆಯ ಎರೆಹೊಲಗಳಲ್ಲಿ ಬೆಳೆಯುವ ಹೆಸರುವಾಸಿ ಮಾಲದಂಡಿ ಬಿಳಿಜೋಳ, ಅಂದರೆ ಎಂ 35-1 ತಳಿ, 1930ರ ದಶಕದಲ್ಲಿ ಆಯ್ಕೆಯಾಗಿ ಬಂದಿದ್ದು ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ. ಮುಂಗಾರು ಮುಗಿಯುವ ಹೊತ್ತಿಗೆ ಬಿತ್ತಿದರೆ ಕಪ್ಪುಮಣ್ಣು ಹಿಡಿದಿಟ್ಟ ಹಸಿಯಲ್ಲೇ ತೆನೆಗಟ್ಟುವ ಬೆಳೆ ಇದು. ಅದೇ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕಲ್ಯಾಣಕ್ಕೆ ಹೋಗುವ ಮುನ್ನ ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದ ಮಂಗಳವಾಡ ಇದೇ ಊರು. ರೊಟ್ಟಿಗೆ ಈಗಿನ ರಾಜ್ಯಗಳ ಗಡಿ ಗೊತ್ತಿಲ್ಲ.

ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆ ಕೊರತೆಯನ್ನು ತುಂಬುವುದು ಎಸರು. ಪರಾತದಲ್ಲಿ ಹಿಟ್ಟು ಹರವಿ, ನಡುವೆ ಕುಣಿ ಮಾಡಿ, ಕೊತಕೊತ ಕುದಿಯುವ ನೀರು ಸುರಿದರೆ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ. ಸ್ವಲ್ಪ ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಆಮೇಲೆ ಬಡಿಯುವುದು: ಒಣಹಿಟ್ಟು ಉದುರಿಸಿ, ಒಂದು ಕೈ ಬಡಿಯುತ್ತಿದ್ದಂತೆ ಇನ್ನೊಂದು ಕೈ ಅಂಚನ್ನು ಕಾಯುತ್ತ, ರೊಟ್ಟಿಯನ್ನು ಸುತ್ತ ತಿರುಗಿಸುತ್ತ ಹೋಗಬೇಕು. ಹಂಚಿಗೆ ಹಾಕಿದ ಕೂಡಲೇ ಮೇಲಿನ ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಒಣಹಿಟ್ಟು ತೊಳೆದು, ಮೇಲ್ಪದರ ಬಿರಿಯದೆ ಉಳಿದು, ಒಳಗಿನ ಆವಿಗೆ ಹೊರಹೋಗಲು ದಾರಿ ಸಿಗದೆ ರೊಟ್ಟಿ ಉಬ್ಬುತ್ತದೆ. ಉಬ್ಬಿದ ರೊಟ್ಟಿಯ ಪಾಪಡಿ ಬಿಡಿಸಿ, ತುಪ್ಪ ಸವರಿ ಮಕ್ಕಳ ಕೈಗೆ ಕೊಡುವುದು ಹಳೆಯ ರೂಢಿ.

ಕಲಿಯುವವರ ಪಾಠ ಈಗ ಬಹುಪಾಲು ಫೋನಿನಲ್ಲೇ ನಡೆಯುತ್ತದೆ. “ರೊಟ್ಟಿ ಒಡೀಲಿಕತ್ತಾವ ಅವ್ವಾ” ಅಂದರೆ ಆ ಕಡೆಯಿಂದ ತಡವಿಲ್ಲದೆ ಉತ್ತರ: “ಎಸರ ಕುದ್ದಿಲ್ಲ ತಗಿ. ಇನ್ನಷ್ಟು ನಾದು, ಅವಸರ ಮಾಡಬ್ಯಾಡ.”

ಜೊತೆಗೆ ಎಣ್ಣೆಗಾಯಿ ಬೇಕೇ ಬೇಕು. ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿದ ಎಳೆಯ ಬದನೆಕಾಯಿಯೊಳಗೆ ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಮಸಾಲೆ ಖಾರ ತುಂಬಿ, ಎಣ್ಣೆ ಮೇಲೆ ತೇಲುವ ತನಕ ಸಣ್ಣ ಉರಿಯಲ್ಲಿ ಬೇಯಿಸಿದ್ದು. ಮಡಕಿಕಾಳಿನ ಪಲ್ಯ, ಝುಣಕ, ಹಸಿ ಮೆಂತ್ಯದೆಸಳು, ಉಳ್ಳಾಗಡ್ಡಿ, ಗಟ್ಟಿ ಮೊಸರು. ಪುಂಡಿಸೊಪ್ಪು ಬೇಕಾದರೆ ಪುಣೆಯ ಸಂತೆಯಲ್ಲಿ ‘ಅಂಬಾಡಿ’ ಎಂದು ಕೇಳಿದರಾಯಿತು. ಜೋಳದ ನುಚ್ಚು, ತೊಗರಿಬೇಳೆ ಹಾಕಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಊರಿನ ಪಲ್ಯವೇ. ಹೀಗೆ ಈ ಊಟದ ಸಾಮಾನು ಹೆಚ್ಚುಕಡಿಮೆ ಎಲ್ಲವೂ ವಾಕಡದ ಅಂಗಡಿಗಳಲ್ಲೇ ಸಿಗುತ್ತದೆ.

ಹಳೇ ಮೈಸೂರಿನವರ ಪಾಡು ಬೇರೆ. ರಾಗಿ ಇಲ್ಲಿ ‘ನಾಚಣಿ’ ಹೆಸರಿನಲ್ಲಿ ದೊರೆಯುತ್ತದೆ, ಆದರೆ ಭಾಕರಿಗೆ, ಅಂಬಲಿಗೆ. ಮುದ್ದೆ ಎಂದರೆ ಅಕ್ಕಪಕ್ಕದವರಿಗೆ ವಿವರಿಸಬೇಕು. ಹಾಗಾಗಿ ಹಿಟ್ಟಿನ ಕೋಲು ಕೂಡ ಊರಿನಿಂದಲೇ ಬಂದಿರುತ್ತದೆ. ಕುದಿಯುವ ನೀರಿಗೆ ಮೊದಲು ಚೂರು ಹಿಟ್ಟು ಕದಡಿ ಹಾಕಿ, ಉಕ್ಕು ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲು ನಿಲ್ಲಿಸಿ, ಸಣ್ಣ ಉರಿಯಲ್ಲಿ ಬೇಯಲು ಬಿಡುತ್ತಾರೆ. ಆ ಬಿಡುವಿನ ನಿಮಿಷಗಳನ್ನು ಕಡಿತ ಮಾಡಿದರೆ ಮುದ್ದೆಯಲ್ಲಿ ಹಸಿ ಗಂಟು ಉಳಿಯುವುದು ಖಂಡಿತ. ಆಮೇಲೆ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು ತೊಳಸುವುದು. ಹಳ್ಳಿಯಲ್ಲಿ ಪಾತ್ರೆಗೆ ಕವೆಗೋಲು ಕೊಟ್ಟೋ ಕಾಲಿನಿಂದ ಅದುಮಿಯೋ ಮಾಡುವ ಕೆಲಸವನ್ನು ಗ್ರಾನೈಟ್ ಕಟ್ಟೆಯ ಮೇಲೆ ಮಾಡಲು ಇಬ್ಬರು ಬೇಕು; ಗಂಡಸರು ಭಾನುವಾರ ಅಡುಗೆಮನೆಗೆ ಬರಲು ಇದೊಂದು ಒಳ್ಳೆಯ ಕಾರಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಆ ರಾಗಿ ಬಡವರ ತಟ್ಟೆಗೆ ಧಾರಾಳವಾಗಿ ಬಂದಿದ್ದಕ್ಕೆ ನೆನೆಯಬೇಕಾದವರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ, ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಭಾರತದ ರಾಗಿಗೂ ಆಫ್ರಿಕದ ರಾಗಿಗೂ ತಳಿಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟವರು.

ಮುದ್ದೆಗೆ ಬಸ್ಸಾರು. ದಂಟು, ಕೀರೆ, ಸಬ್ಬಸಿಗೆ, ಯಾವ ಸೊಪ್ಪು ಸಿಕ್ಕರೆ ಅದು, ಜೊತೆಗೆ ತೊಗರಿಬೇಳೆ ಅಥವಾ ಹೆಸರುಕಾಳು. ಇದನ್ನು ಕುಕ್ಕರಿನಲ್ಲಿ ಕೂಗಿಸುವವರಿದ್ದಾರೆ, ಆದರೆ ಬೇಳೆ ಕರಗಿ ಹೋದ ಮೇಲೆ ಬಸಿಯಲು ಏನು ಉಳಿಯುತ್ತದೆ? ತೆರೆದ ಪಾತ್ರೆಯಲ್ಲಿ, ಬೇಳೆ ಬೆರಳಿಗೆ ಹಿಸುಕಿದರೆ ಒಡೆಯುವಷ್ಟು ಬೆಂದಾಗ ಇಳಿಸಿ, ಮುಚ್ಚಳ ಓರೆ ಮಾಡಿ ಕಟ್ಟನ್ನು ಬಸಿದಿಡಬೇಕು. ಬೆಂದ ಸೊಪ್ಪು-ಬೇಳೆಯಲ್ಲಿ ಒಂದು ಹಿಡಿ ತೆಗೆದು, ಬಾಡಿಸಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಕಾಯಿ, ಹುಣಸೆ ಜೊತೆ ರುಬ್ಬಿ, ಬಸಿದ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಉಳಿದ ಸೊಪ್ಪು-ಬೇಳೆಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಒಂದು ಹನಿಯೂ ಮೋರಿಗೆ ಹೋಗದು.

ದೂರದ ಅಮೆರಿಕದ ದಕ್ಷಿಣ ಸೀಮೆಯಲ್ಲೂ ಭಾನುವಾರದ ಕುಟುಂಬದೂಟ ದೊಡ್ಡ ಸಂಗತಿ. ಅಲ್ಲಿನ ಊಟದ ನಡುವೆಯೂ ಇಂಥದೇ ಬಸಿದ ನೀರಿದೆ. ಕಾಲರ್ಡ್, ಟರ್ನಿಪ್ ಸೊಪ್ಪುಗಳನ್ನು ಹಂದಿಮಾಂಸದ ತುಂಡಿನೊಡನೆ ಗಂಟೆಗಟ್ಟಲೆ ಬೇಯಿಸಿದಾಗ ತಳದಲ್ಲಿ ಉಳಿಯುವ ರಸವನ್ನು ಪಾಟ್‌ಲಿಕ್ಕರ್ ಎನ್ನುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ಧಣಿಗಳು ಸೊಪ್ಪು ತಿಂದು ಬಿಟ್ಟ ಈ ಸತ್ವದ ನೀರು ಕಪ್ಪುಜನರ ಮಕ್ಕಳನ್ನು ಪೊರೆಯಿತು. ಅದಕ್ಕೆ ಜೊತೆ ಮೆಕ್ಕೆಜೋಳದ ರೊಟ್ಟಿ. 1931ರಲ್ಲಿ ಲೂಯಿಸಿಯಾನದ ಗವರ್ನರ್ ಹ್ಯೂಯಿ ಲಾಂಗ್, ಆ ರೊಟ್ಟಿಯನ್ನು ರಸದಲ್ಲಿ ಅದ್ದಿ ತಿನ್ನಬೇಕೆಂದರು. ಮುರಿದು ಪುಡಿಮಾಡಿ ಹಾಕಿಕೊಳ್ಳಬೇಕೆಂದು ‘ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್’ ಪತ್ರಿಕೆ ವಾದಕ್ಕಿಳಿಯಿತು. ಓದುಗರ ಪತ್ರಗಳ ಸುರಿಮಳೆಯೇ ಆಯಿತು. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಹೊರಳಿಸಿ ನುಂಗಬೇಕು ಎಂದು ಹೊಸಬರಿಗೆ ಹಟದಿಂದ ಹೇಳಿಕೊಡುವ ಮಂಡ್ಯದವರಿಗೆ ಈ ಜಗಳ ಚೆನ್ನಾಗಿಯೇ ಅರ್ಥವಾದೀತು.

ಬಸಿದ ನೀರಿನ ನಂಟು ವಾಕಡದೊಳಗೂ ಇದೆ. ಹೋಳಿಗೆಗೆ ಬೇಯಿಸಿದ ಕಡಲೆಬೇಳೆಯ ಕಟ್ಟಿನಿಂದ ಧಾರವಾಡದವರು ಹೋಳಿಗೆ ಸಾರು ಮಾಡಿದರೆ, ಎದುರು ಮನೆಯ ಮರಾಠಿಗರು ಪುರಣಪೋಳಿಯ ದಿನ ಅದೇ ಕಟ್ಟಿನಿಂದ ಕಟಾಚಿ ಆಮಟಿ ಮಾಡುತ್ತಾರೆ. ಎರಡರಲ್ಲೂ ಹುಣಸೆ, ಬೆಲ್ಲ, ಮಸಾಲೆಯ ಹದವಾದ ಜಗಳ. ಬಣ್ಣಕ್ಕೆ ಎರಡೂ ಮನೆಯವರು ನೆಚ್ಚುವುದು ಬ್ಯಾಡಗಿಯನ್ನು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ, ಖಾರ ಕಡಿಮೆ ಕೆಂಪು ಹೆಚ್ಚಿರುವ ಈ ಸುಕ್ಕುಗಟ್ಟಿದ ಮೆಣಸಿನಕಾಯಿಯ ಮಾರುಕಟ್ಟೆ ಇರುವುದು ಹಾವೇರಿ ಜಿಲ್ಲೆಯಲ್ಲಿ, ವಾಕಡದ ಮುಂದೆ ಹಾದುಹೋಗುವ ಇದೇ 48ನೆಯ ಹೆದ್ದಾರಿಯಿಂದ ಅನತಿ ದೂರದಲ್ಲಿ. ಆಮಟಿಯ ಬಟ್ಟಲು ಆ ಕಡೆಯಿಂದ ಬಂದರೆ ಎಣ್ಣೆಗಾಯಿಯ ಬಟ್ಟಲು ಈ ಕಡೆಯಿಂದ ಹೋಗುತ್ತದೆ. ಪಾತ್ರೆ ಖಾಲಿ ಹಿಂದಿರುಗಿಸುವ ಪದ್ಧತಿ ಎರಡೂ ಕಡೆ ಇಲ್ಲ.

ಮಾಂಸಾಹಾರಿಗಳ ಭಾನುವಾರ ಇನ್ನೂ ಬೇಗ ಶುರುವಾಗುತ್ತದೆ, ಮಟನ್ ಅಂಗಡಿಯ ಸಾಲಿನಲ್ಲಿ. ಮುದ್ದೆಗೆ ನಾಟಿಕೋಳಿ ಸಾರು, ಮಂಗಳೂರಿನವರಿಗೆ ಕೋರಿರೊಟ್ಟಿ, ಕೊಡಗಿನವರಿಗೆ ಕಡಂಬುಟ್ಟು-ಪಂದಿಕರಿ. ಅದರ ಹುಳಿಗೆ ಕಾಚಂಪುಳಿ ಮಾತ್ರ ಕೊಡಗಿನಿಂದಲೇ ಬರಬೇಕು, ಬೇರೆ ಯಾವ ಹುಳಿಯೂ ಆ ಕಪ್ಪು ಬಣ್ಣವನ್ನಾಗಲಿ ರುಚಿಯನ್ನಾಗಲಿ ಕೊಡದು.

ಕೈಯಲ್ಲಿ ರೊಟ್ಟಿ ಬಡಿಯುವವರು ಕಡಿಮೆಯಾಗುತ್ತಿದ್ದಾರೆ ಎಂಬ ಚಿಂತೆ ನಿಜವಾದದ್ದೇ. ಇಬ್ಬರೂ ಕೆಲಸಕ್ಕೆ ಹೋಗುವ ಗಂಡ-ಹೆಂಡಿರಿಗೆ ವಾರದ ನಡುವೆ ಎಸರಿಡಲು ಪುರುಸೊತ್ತೆಲ್ಲಿ? ಈ ಅಂತರವನ್ನು ತುಂಬುತ್ತಿರುವವರೂ ಹೆಂಗಸರೇ. ಪುಣೆಯಲ್ಲಿ ಬಚತ್ ಗಟಗಳ, ಅಂದರೆ ಸ್ವಸಹಾಯ ಸಂಘಗಳ, ಮಹಿಳೆಯರು ಭಾಕರಿ ಮಾಡಿ ಮಾರುತ್ತಾರೆ. ಕಲಬುರಗಿ ಜಿಲ್ಲೆಯ ಮಹಿಳೆಯರು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಒಟ್ಟುಗೂಡಿ ತಮ್ಮ ರೊಟ್ಟಿಯನ್ನು ದೂರದ ನಗರಗಳಿಗೂ ತಲುಪಿಸುತ್ತಿದ್ದಾರೆ. ತೇವ ಪೂರ್ತಿ ಆರಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡದಿರುವುದರಿಂದ ಈ ವ್ಯಾಪಾರ ಸಾಧ್ಯವಾಗಿದೆ. ಬಸ್ಸಾರಿಗೆ ಆ ಭಾಗ್ಯವಿಲ್ಲ. ಅದನ್ನು ಪೊಟ್ಟಣದಲ್ಲಿ ಕಟ್ಟಲಾಗದು, ಮಾಡಿಯೇ ತಿನ್ನಬೇಕು.

ಮಂಡ್ಯದ ಹುಡುಗಿ ವಿಜಯಪುರದ ಹುಡುಗನನ್ನು ಮದುವೆಯಾದ ಮನೆಗಳೂ ಈ ಕಟ್ಟಡಗಳಲ್ಲಿ ಅಪರೂಪವಲ್ಲ. ಅಲ್ಲಿ ಒಂದು ಭಾನುವಾರ ರೊಟ್ಟಿಯಾದರೆ ಇನ್ನೊಂದು ಭಾನುವಾರ ಮುದ್ದೆ, ಮಕ್ಕಳಿಗೆ ಎರಡೂ ಸಲೀಸು. ಊಟ ಮುಗಿಯುವುದು ಮಧ್ಯಾಹ್ನ ಎರಡರ ಮೇಲೆ. ಉಳಿದ ರೊಟ್ಟಿಯನ್ನು ಮತ್ತೆ ಹಂಚಿನ ಮೇಲೆ ಒತ್ತಿ ಕಡಕ್ ಮಾಡಿ ಡಬ್ಬಿಗೆ ತುಂಬುತ್ತಾರೆ. ಸೋಮವಾರ ಅದು ಶೇಂಗಾ ಚಟ್ನಿ, ಮೊಸರಿನೊಡನೆ ಹಿಂಜವಡಿಗೆ ಹೋಗುತ್ತದೆ. ಉಳಿದ ಮುದ್ದೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಹೆಚ್ಚಿ ಹಾಕಿದ ಅಂಬಲಿಯಾಗುತ್ತದೆ. ಬಸ್ಸಾರು ಮಾತ್ರ ಉಳಿಯಲೆಂದೇ ಒಂದು ಸೌಟು ಹೆಚ್ಚು ಮಾಡಿದ್ದು, ಏಕೆಂದರೆ ಮತ್ತೊಮ್ಮೆ ಕುದಿಸಿದ ಮರುದಿನದ ಸಾರಿಗೇ ರುಚಿ ಜಾಸ್ತಿ.